ಅತ್ತೆ ತೊಳೆದ ಲೋಟ

ನನ್ನ ಮೊಬೈಲಿನಲ್ಲಿ ಸಾಹಿತಿಗಳ ನಂಬರಿಗಿಂತ ಬಸ್ ಕಂಡಕ್ಟರುಗಳ ನಂಬರೇ ಜಾಸ್ತಿ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಗೋಳೆಂದೂ ಹೇಳುತ್ತಿಲ್ಲ. ಸಾಗರದಲ್ಲಿ ಕೂತು ವರ್ಷಕ್ಕೆರಡು ಪುಸ್ತಕ ಮಾಡುವ ನನ್ನಂಥವಳ ಕೆಲಸ ನಡೆಯುವುದೇ ಹಾಗೆ. ಬೆಳಿಗ್ಗೆ ಎಂಟೂವರೆಯ ಖಾಸಗಿ ಬಸ್ಸು ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುತ್ತದೆ. ಅದರ ಕಂಡಕ್ಟರ್ ಕೈಗೆ ಪುಸ್ತಕದ ಕಟ್ಟು ಕೊಟ್ಟು, "ಹೊಸನಗರ ಸ್ಟ್ಯಾಂಡಲ್ಲಿ ಹಸಿರು ಸೀರೆಯವ್ರು ಒಬ್ರು ನಿಂತಿರ್ತಾರೆ" ಎಂದರೆ ಮುಗಿಯಿತು, ಕೊಟ್ಟೇ ಕೊಡುತ್ತಾನೆ. ಒಂದೇ ಒಂದು ಸಲ ಬೇರೆ ಹಸಿರು ಸೀರೆಗೆ ಕೊಟ್ಟುಬಂದಿದ್ದ. ಆ ಹೆಂಗಸು ಪುಸ್ತಕ ಓದಿ ಮುಗಿಸಿಯೇ ವಾಪಸು ಕಳಿಸಿದರು.

ಅಂಗಡಿಯ ಮುಂದಿನ ಕೋಣೆಯಲ್ಲಿ ಡಿಟಿಪಿ, ಜೆರಾಕ್ಸ್, ಮದುವೆ ಕಾಗದ, ಗೃಹಪ್ರವೇಶದ ಕಾರ್ಡು. ಹಿಂದಿನ ಕೋಣೆಯಲ್ಲಿ ನನ್ನ ಪ್ರಕಾಶನ. ಪ್ರಕಾಶನ ಎಂದರೆ ಒಂದು ಮೇಜು, ಮೂರು ಕುರ್ಚಿ, ಗೋಡೆಯುದ್ದಕ್ಕೂ ಖರ್ಚಾಗದೆ ಉಳಿದ ಪುಸ್ತಕದ ಕಟ್ಟುಗಳು. ದೊಡ್ಡ ಪ್ರಕಾಶಕರು ಬೇಡವೆಂದದ್ದನ್ನು, ಇಲ್ಲವೇ ಅವರ ಬಾಗಿಲವರೆಗೆ ಹೋಗಲು ಧೈರ್ಯವಿಲ್ಲದವರು ಬರೆದದ್ದನ್ನು ನಾನು ಅಚ್ಚು ಹಾಕಿಸುತ್ತೇನೆ. ಪ್ರತಿ ಪುಸ್ತಕ ಮುಗಿದಾಗಲೂ "ಇನ್ನು ಸಾಕು ಮಾರಾಯ್ತಿ" ಎಂದು ನನಗೆ ನಾನೇ ಬೈದುಕೊಳ್ಳುತ್ತೇನೆ. ಆಮೇಲೆ ಯಾರೋ ಒಂದು ನೋಟುಬುಕ್ಕು ಹಿಡಿದುಕೊಂಡು ಬರುತ್ತಾರೆ.

ಆಕೆಯೂ ಹಾಗೇ ಬಂದದ್ದು. ಐವತ್ತು ದಾಟಿದ ಹೆಂಗಸು. ಬಟ್ಟೆಯ ಚೀಲದಿಂದ ಮೂರು ಉದ್ದ ನೋಟುಬುಕ್ಕು ತೆಗೆದು ಕೌಂಟರಿನ ಮೇಲಿಟ್ಟರು. ಜೆರಾಕ್ಸಿಗೆ ಬಂದವರೆಂದು ನಾನು ತಲೆಯೆತ್ತದೆ, "ಎಷ್ಟು ಕಾಪಿ?" ಎಂದೆ.

"ಅದು ನೀವು ಓದಿ ಹೇಳ್ಬೇಕು" ಎಂದರು.

ಆಗ ತಲೆಯೆತ್ತಿದೆ. ನೋಟುಬುಕ್ಕಿನ ಅಂಚಿನಲ್ಲಿ ಅರಿಸಿನದ ಬೆರಳಚ್ಚು. ಹೊಸನಗರದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುವವರಂತೆ. ಬೆಳಗಿನ ಉಪ್ಪಿಟ್ಟು ಮುಗಿದು ಮಧ್ಯಾಹ್ನದ ಸಾರಿಗೆ ಒಗ್ಗರಣೆ ಬೀಳುವವರೆಗೆ ಸಿಗುವ ಒಂದು ಗಂಟೆಯಲ್ಲಿ, ಅಕ್ಕಿ ಡಬ್ಬಿಯ ಮೇಲೆ ನೋಟುಬುಕ್ಕು ಇಟ್ಟುಕೊಂಡು, ಆರು ವರ್ಷ ಕೂತು ಬರೆದ ಒಂಬತ್ತು ಕಥೆಗಳು. ಅಪ್ಪ ಹಿಂದೆ ಗೇಣಿ ಒಕ್ಕಲು. ಉಳುವವನೇ ಒಡೆಯನೆಂಬ ಕಾಯ್ದೆ ಬಂದಮೇಲೆ ಉಳುತ್ತಿದ್ದ ನೆಲ ಅವರದ್ದೇ ಆಯಿತು. ಇಷ್ಟನ್ನೂ ಅವರು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದರು. ನಾನು ನನ್ನ ಕಡೆಯದನ್ನು ಹೇಳಲಿಲ್ಲ. ತೀರ್ಥಹಳ್ಳಿ ಹತ್ತಿರದ ನನ್ನ ಅಜ್ಜನ ಮನೆ ಜಮೀನುದಾರರದ್ದು. ಅದೇ ಕಾಯ್ದೆಯಲ್ಲಿ ನೆಲ ಕಳೆದುಕೊಂಡವರು, ಕಳೆದುಕೊಂಡದ್ದನ್ನು ಇವತ್ತಿಗೂ ಊಟಕ್ಕೆ ಕೂತಾಗ ನೆನೆಸಿಕೊಳ್ಳುವವರು.

ಮೊದಲನೆಯ ಕಥೆಯನ್ನು ನಿಂತುಕೊಂಡೇ ಓದಿದೆ. ಒಂದು ಮನೆ. ಆ ಮನೆಗೆ ದಿನಾ ಬರುವ ಒಬ್ಬ ಆಳು. ಅವನಿಗೆಂದೇ ಕೊಟ್ಟಿಗೆಯ ಹೊರಗೋಡೆಯ ಗೂಡಿನಲ್ಲಿ ಒಂದು ಅಲ್ಯೂಮಿನಿಯಂ ಲೋಟ. ಅವನು ಬಂದು ಲೋಟ ತೆಗೆದು ಹಿಡಿಯಬೇಕು. ಮನೆಯಾಕೆ ಮೇಲಿನಿಂದ, ತನ್ನ ಪಾತ್ರೆ ತಾಗದ ಹಾಗೆ, ಕಾಫಿ ಹೊಯ್ಯುತ್ತಾಳೆ. ಕುಡಿದಮೇಲೆ ಅವನೇ ತೊಳೆದು ಗೂಡಿನಲ್ಲಿ ಕವುಚಿ ಇಡಬೇಕು. ಮನೆಯಾಕೆ ಕೆಟ್ಟವಳಲ್ಲ. ದಿನಾ ತಪ್ಪದೆ "ಸಕ್ಕರೆ ಸಾಕಾ?" ಎಂದು ಕೇಳುತ್ತಾಳೆ. ಮೂವತ್ತು ವರ್ಷ ಕೇಳುತ್ತಾಳೆ. ಆತ ಸತ್ತಮೇಲೂ ಲೋಟ ಗೂಡಿನಲ್ಲೇ ಕವುಚಿಕೊಂಡಿರುತ್ತದೆ. ಎಸೆಯಲು ಯಾರಿಗೂ ಮನಸ್ಸಿಲ್ಲ, ಒಳಗೆ ತರಲೂ ಯಾರಿಗೂ ಮನಸ್ಸಿಲ್ಲ. ಕಥೆ ಅಷ್ಟೇ. ಯಾರೂ ಕೂಗಾಡುವುದಿಲ್ಲ, ಯಾರೂ ಯಾರನ್ನೂ ಹೊಡೆಯುವುದಿಲ್ಲ. ನನಗೆ ಮಾತ್ರ ಕಪಾಳಕ್ಕೆ ಬಿದ್ದ ಹಾಗಾಯಿತು.

"ಪುಸ್ತಕ ಮಾಡೋಣ ಅಕ್ಕಾ" ಎಂದೆ.

ಅವರು ಹಿಗ್ಗಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, "ಒಂದು ಷರತ್ತಿದೆ ಮೇಡಂ" ಎಂದರು. "ಇದನ್ನ ಓದಿ ಯಾರೂ ಇದು ಇಂಥೋರ ಮನೆ ಅಂತ ಬೊಟ್ಟು ಮಾಡ್ಬಾರ್ದು. ಊರ ಹೆಸ್ರು ತೆಗ್ದಿದೀನಿ, ಜನದ ಹೆಸ್ರು ತೆಗ್ದಿದೀನಿ. ಒಂದು ಮನೆ ಅಂತ ಗುರುತಾತು ಅಂದ್ರೆ ಉಳಿದ ಮನೆಯೋರೆಲ್ಲ ಕೈ ತೊಳ್ಕೊಂಡು ಕೂತ್ಕೋತಾರೆ. ಮತ್ತೆ ನಮ್ಮಮ್ಮ ಇನ್ನೂ ಇದಾಳೆ. ಎಂಬತ್ತು ದಾಟಿದೆ. ಅವ್ಳ ಮನಸ್ಸಿಗೆ ಬೇಜಾರಾಗಬಾರ್ದು."

ಪಾಪ, ಹಳೇ ಒಡೆಯರ ಹೆದರಿಕೆ ಇನ್ನೂ ಹೋಗಿಲ್ಲ ಎಂದುಕೊಂಡೆ. ನನ್ನ ಬುದ್ಧಿ ಅಷ್ಟು ದೂರ ಮಾತ್ರ ಓಡಿತು. "ಯಾರ ಮನೆಗೂ ಬೊಟ್ಟು ಹೋಗಲ್ಲ. ಅದು ನನ್ನ ಜವಾಬ್ದಾರಿ" ಎಂದು ಮಾತು ಕೊಟ್ಟೆ.

ಹಾಗೆ ಮಾತು ಕೊಟ್ಟವಳು ಮುಖಪುಟಕ್ಕೆ ಒಂದು ಮನೆಯ ಗೋಡೆಯ ಫೋಟೋ ಹಾಕಿದೆ. ಯಾರದೋ ಮನೆಯದ್ದೂ ಅಲ್ಲ, ನನ್ನ ಸ್ವಂತ ಅಜ್ಜನ ಮನೆಯದ್ದು. ನಗಬೇಡಿ.

ಕಥೆ ಓದಿದಂದಿನಿಂದ ನನ್ನ ಕಣ್ಣಿನಲ್ಲಿ ಒಂದು ಗೂಡು ಕೂತುಬಿಟ್ಟಿತ್ತು. ಜಂಬಿಟ್ಟಿಗೆಯ ಕೆಂಪು ಗೋಡೆ, ಅದರಲ್ಲೊಂದು ಚೌಕ, ಚೌಕದಲ್ಲಿ ಕವುಚಿದ ಲೋಟ. ಎಲ್ಲಿ ಸಿಗುತ್ತದೆಂದು ಹುಡುಕುವ ಕಷ್ಟವೂ ಇರಲಿಲ್ಲ. ಅಜ್ಜನ ಮನೆಯ ಕೊಟ್ಟಿಗೆ ಗೋಡೆಯಲ್ಲಿ ಅಂಥದ್ದೇ ಇತ್ತು. ಒಂದು ಭಾನುವಾರ ಹೋದೆ. ಈಗ ಆ ಮನೆಯಲ್ಲಿ ಇರುವುದು ಅತ್ತೆ, ಅಂದರೆ ನನ್ನ ಸೋದರಮಾವನ ಹೆಂಡತಿ, ಮಗ, ಸೊಸೆ, ಮೊಮ್ಮಕ್ಕಳು. ಅತ್ತೆಗೆ ಎಪ್ಪತ್ತೈದು. ಕಾಲು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಸಾಮಾನು ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವಷ್ಟು ಓದಿನ ಹುಚ್ಚು.

"ಎಂತಕ್ಕೆ ಮಾರಾಯ್ತಿ ಈ ಕೊಟ್ಟಿಗೆ ಗೋಡೆ? ಮುಂದಿನ ಜಗಲಿ ತೆಗಿ, ಚೆನಾಗಿದೆ" ಎಂದರು.

"ಇಲ್ಲ ಅತ್ತೆ, ಈ ಗೂಡೇ ಬೇಕು. ಒಂದು ಕಥೆ ಪುಸ್ತಕಕ್ಕೆ."

"ಹಂಗಾದ್ರೆ ತಡಿ. ಜೇಡರ ಬಲೇದು ಯಾರಾದ್ರೂ ಫೋಟೋ ತೆಗೀತಾರಾ?" ಎಂದವರೇ ಗೂಡಿಗೆ ಕೈಹಾಕಿ ಲೋಟ ಹೊರಗೆ ತೆಗೆದರು. ಬೂದಿ ಮತ್ತು ತೆಂಗಿನ ನಾರಿನಲ್ಲಿ ಗಸಗಸ ತಿಕ್ಕಿದರು. ಸೆರಗಿನಲ್ಲಿ ಒರೆಸಿ, ಗೂಡಿನೊಳಗೂ ಒಮ್ಮೆ ಸೆರಗು ಆಡಿಸಿ, ಇದ್ದ ಹಾಗೇ ಕವುಚಿ ಇಟ್ಟರು. "ಫೋಟೋ ಅಂದ್ರೆ ಹೊಳೀಬೇಕು" ಎಂದು ದೂರ ನಿಂತು ನೋಡಿ ಮೆಚ್ಚಿಕೊಂಡರು.

ಆ ಲೋಟ ಯಾರದ್ದೆಂದು ನನಗೆ ಗೊತ್ತಿತ್ತು. ನಾವು ರಜೆಗೆ ಹೋದಾಗ ನಮಗೆಲ್ಲ ನೇರಳೆಹಣ್ಣು ಕಿತ್ತುಕೊಡುತ್ತಿದ್ದ ಆಳು ಒಬ್ಬನಿದ್ದ. ಅವನು ತೀರಿಕೊಂಡು ಸುಮಾರು ವರ್ಷವಾಯಿತು. ಅವನ ಮಗಳು ಗದ್ದೆಯಾಚೆ ಟೈಲ್ಸ್ ಹಾಕಿದ ಮನೆ ಕಟ್ಟಿಕೊಂಡಿದ್ದಾಳೆ. ನಾನು ಹನ್ನೆರಡು ಫೋಟೋ ತೆಗೆದೆ, ಅತ್ತೆ ಮಾಡಿದ ಕಡುಬು ತಿಂದೆ, ಸಂಜೆ ಬಸ್ಸಿಗೆ ವಾಪಸು ಬಂದೆ.

ಮರೆತೆ ಎಂದರೆ ಸುಳ್ಳಾಗುತ್ತದೆ. ನನಗೆ ಹೊಳೆಯಲೇ ಇಲ್ಲ. ಅದೇ ಹೆಚ್ಚು ನಾಚಿಕೆಗೇಡು. ಆ ಕಥೆಯನ್ನು ನಾಲ್ಕು ಸಲ ಓದಿದ್ದೆ, ಎರಡು ಸಲ ಪ್ರೂಫ್ ನೋಡಿದ್ದೆ, ಒಂದು ಸಲ ಅತ್ತೂ ಇದ್ದೆ. ಅತ್ತವಳೇ ಹೋಗಿ ನಮ್ಮ ಮನೆಯ ಗೋಡೆಯನ್ನು ಚೆಂದದ ಚಿತ್ರವೆಂದು ತೆಗೆದುಕೊಂಡು ಬಂದೆ. ಕಥೆಯೊಳಗಿನ ಲೋಟ ಬೇರೆ, ನಮ್ಮ ಮನೆಯ ಲೋಟ ಬೇರೆ ಎಂದೇ ನನ್ನ ತಲೆ ತಿಳಿದುಕೊಂಡಿತ್ತು.

ಮುಖಪುಟಕ್ಕೆ ಚಿತ್ರ ಕೊಟ್ಟವರಿಗೆ ಮೊದಲ ಪ್ರತಿ ಕಳಿಸುವುದು ನನ್ನ ಅಂಗಡಿಯ ಪದ್ಧತಿ. ಬಿಡುಗಡೆ ಭಾನುವಾರಕ್ಕೆಂದಿತ್ತು. ಪುಸ್ತಕ ಬಂದ ಮಂಗಳವಾರ ಎಂಟೂವರೆ ಬಸ್ಸಿಗೆ ಎರಡು ಕಟ್ಟು ಕೊಟ್ಟೆ. ಒಂದು ಹೊಸನಗರದಲ್ಲಿ ಕಥೆಗಾರ್ತಿಗೆ, ಇನ್ನೊಂದು ತೀರ್ಥಹಳ್ಳಿಗೆ ಮುಂಚಿನ ಸ್ಟಾಪಿನಲ್ಲಿ ಅತ್ತೆಗೆ. "ಸ್ಟಾಪಲ್ಲಿ ಬಂದು ನಿಂತಿರಿ ಅತ್ತೆ, ನಿಮ್ಮ ಗೋಡೆ ಬರ್ತಿದೆ" ಎಂದು ಫೋನು ಬೇರೆ ಮಾಡಿದ್ದೆ. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ.

ಹತ್ತೂವರೆಗೆ ಹೊಸನಗರದಿಂದ ಫೋನು ಬಂತು. ಆಕೆ ಅಚ್ಚಿನ ಬಗ್ಗೆ ಕೇಳಲಿಲ್ಲ, ಕಾಗದದ ಬಗ್ಗೆ ಕೇಳಲಿಲ್ಲ.

"ಇದು ಯಾರ ಮನೆ ಗೋಡೆ ಮೇಡಂ?"

"ನಮ್ಮ ಅಜ್ಜನ ಮನೇದು ಅಕ್ಕ. ಅತ್ತೆನೇ ನಿಂತು ತೆಗೆಸಿದ್ರು."

"ಒಳಗಡೆ ಎಂತ ಇದೆ ಅಂತ ಅವ್ರಿಗೆ ಗೊತ್ತಾ?"

ಕೈಯಲ್ಲಿದ್ದ ಕಾಫಿ ಕೆಳಗಿಟ್ಟೆ; ಅತ್ತೆಗೆ ನಾನು ಹೇಳಿದ್ದು ಒಂದು ಕಥೆ ಪುಸ್ತಕ ಎಂದಷ್ಟೇ.

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದಿದ್ದರೆ ವಾಸಿ ಇತ್ತು. "ಆ ಮನೆಯೋರು ಓದ್ತಾರೆ. ಇದು ನಮ್ಮನ್ನೇ ಬರ್ದಿದ್ದು ಅಂತಾರೆ. ಊರೋರೂ ಹೌದು ಅಂತಾರೆ, ಗೋಡೆನೇ ಇದೆಯಲ್ಲ. ನಾನು ಬೇಡ ಅಂದದ್ದೇ ಆತು ಮೇಡಂ. ಆ ಅಮ್ಮ ಒಂದು ಮಾತು ಬೇಜಾರು ಮಾಡ್ಕೊಂಡ್ರೂ ಭಾನುವಾರದ ಬಿಡುಗಡೆ ಬೇಡ. ಕಟ್ಟು ಬಿಚ್ಚಬೇಡಿ, ಹಂಗೇ ಇಟ್ಬಿಡಿ. ನಾನು ಬರ್ದದ್ದು ಯಾರ ಮನೆ ಬಾಗ್ಲಿಗೂ ಕಲ್ಲು ಹೊಡಿಯಕ್ಕಲ್ಲ."

ಆರು ವರ್ಷ ಅಕ್ಕಿ ಡಬ್ಬಿಯ ಮೇಲೆ ಬರೆದದ್ದು. ನನ್ನ ಒಂದು ಫೋಟೋದಿಂದ ಕಟ್ಟು ಬಿಚ್ಚದೆಯೇ ಮುಗಿದುಹೋಗುವುದರಲ್ಲಿತ್ತು. ಗಡಿಯಾರ ನೋಡಿದೆ. ಬಸ್ಸು ಇನ್ನೂ ದಾರಿಯಲ್ಲಿರಬೇಕು. ಕಂಡಕ್ಟರಿಗೆ ಫೋನು ಹಚ್ಚಿದೆ. ಸಿಗ್ನಲ್ ಇಲ್ಲ. ಮತ್ತೆ ಹಚ್ಚಿದೆ. ಹದಿನೈದು ಸಲ ಹಚ್ಚಿದಮೇಲೆ ಎತ್ತಿದ.

"ಆ ಎರಡನೇ ಕಟ್ಟು ಕೊಡ್ಬೇಡ ಮಾರಾಯಾ! ವಾಪಸು ತಗೊಂಡು ಬಾ!"

"ಅಯ್ಯೋ ಮೇಡಮ್ಮಾ, ಈಗ ತಾನೇ ಕೊಟ್ಟೆ. ಅಮ್ಮ ಬಂದು ನಿಂತೇ ಇದ್ರು. ಅಲ್ಲೇ ಕಟ್ಟು ಬಿಚ್ಚಿ ಎಲ್ಲರಿಗೂ ತೋರಿಸ್ತಿದ್ರು, ನಮ್ಮನೆ ಗೋಡೆ ಅಂತ."

ತಲೆ ಮೇಲೆ ಕೈಹೊತ್ತು ಕೂತೆ. ಅತ್ತೆಗೆ ಫೋನು ಮಾಡಿದರೆ ಎತ್ತಲ್ಲ. ಬುಧವಾರವೂ ಇಲ್ಲ. ಗುರುವಾರ ಅವರ ಮಗ, ನನ್ನ ಭಾವ, ತಾನೇ ಫೋನು ಮಾಡಿದ.

"ಎಂತ ಪುಸ್ತಕ ಕಳಿಸಿದ್ದೀಯೇ? ಅಮ್ಮ ಓದ್ತಾಳೆ, ಇಡ್ತಾಳೆ, ಮತ್ತೆ ಓದ್ತಾಳೆ. ಊಟಕ್ಕೆ ಕರೆದ್ರೆ ಬೈತಾಳೆ. ಕೊಟ್ಟಿಗೆ ಹತ್ರ ಹೋಗಿ ಸುಮ್ನೆ ನಿಂತ್ಕೋತಾಳೆ."

"ಸಿಟ್ಟಿದೆಯಾ ಭಾವ?"

"ಯಾರ ಮೇಲೆ ಅಂತ ಗೊತ್ತಾಗ್ತಿಲ್ಲ" ಎಂದ.

ನನಗೆ ತೋಚಿದ ಉಪಾಯ ಒಂದೇ. ಪೇಟೆಗೆ ಹೋಗಿ ಶಾಲೆ ಪುಸ್ತಕಕ್ಕೆ ಹಾಕುವ ಕಂದು ಕಾಗದ ಹೊರೆಗಟ್ಟಲೆ ತಂದೆ. ಐನೂರು ಪ್ರತಿಗೂ ಒಂದೊಂದಾಗಿ ಬೈಂಡು ಹಾಕುತ್ತಾ ಕೂತೆ. ಗೋಡೆ ಕಾಣಬಾರದು, ಗೂಡು ಕಾಣಬಾರದು, ಲೋಟ ಕಾಣಬಾರದು. ಮದುವೆ ಕಾಗದಕ್ಕೆ ಬಂದವರು ಇಣುಕಿ, "ಶಾಲೆ ಶುರು ಮಾಡಿದ್ರಾ?" ಎಂದು ತಮಾಷೆ ಮಾಡಿದರು. ನಾನು ಅವರ ಕಾಗದದಲ್ಲಿ ಮದುಮಗನ ಊರು ತಪ್ಪು ಹಾಕಿ ಬೈಸಿಕೊಂಡೆ. ಶುಕ್ರವಾರ ಸಂಜೆ ಹೊತ್ತಿಗೆ ಇನ್ನೂರು ಮುಚ್ಚಿದ್ದೆ.

ಶನಿವಾರ ಬೆಳಿಗ್ಗೆ ಆಕೆ ಹೊಸನಗರದಿಂದ ಬಂದರು. ಬಿಡುಗಡೆ ಬೇಡವೆಂದು ಎದುರಿಗೇ ಹೇಳಿ ಹೋಗಲು ಬಂದದ್ದೆಂದು ನನಗೆ ಮುಖ ನೋಡಿಯೇ ಗೊತ್ತಾಯಿತು. ಆಕೆ ಕಂದು ಹೊದಿಕೆಯ ರಾಶಿ ನೋಡಿದರು. ಚೀಲ ಕೆಳಗಿಟ್ಟು, ಒಂದು ಪುಸ್ತಕ ಎಳೆದುಕೊಂಡು, ನನಗಿಂತ ಚೆನ್ನಾಗಿ ಮಡಚಿ ಬೈಂಡು ಹಾಕಿದರು. ಹಾಸ್ಟೆಲಿನ ಹುಡುಗಿಯರ ಪುಸ್ತಕಕ್ಕೆ ಹಾಕಿ ಅಭ್ಯಾಸ. ನಾನು ಕ್ಷಮೆ ಕೇಳಬೇಕೆಂದು ಮೂರು ಸಲ ಬಾಯಿ ತೆರೆದೆ, ಮೂರು ಸಲವೂ "ಗೋಂದು ಕೊಡಿ" ಎಂದೆ.

ಹನ್ನೆರಡು ಗಂಟೆಗೆ, ತೀರ್ಥಹಳ್ಳಿಯಿಂದ ವಾಪಸು ಬರುವ ದಾರಿಯಲ್ಲಿ, ಕಂಡಕ್ಟರನ ಫೋನು. ದನಿ ತಗ್ಗಿಸಿ ಮಾತಾಡುತ್ತಿದ್ದ. "ಮೇಡಮ್ಮಾ, ನಿಮ್ಮ ಅತ್ತೆ ನಮ್ಮ ಬಸ್ಸಲ್ಲೇ ಬರ್ತಿದಾರೆ. ಕೈಲಿ ಪುಸ್ತಕ ಇದೆ. ಮುಖ ಬಿಗಿ ಇದೆ. ಟಿಕೆಟ್ ಕೇಳಕ್ಕೂ ಹೆದರಿಕೆ ಆಯ್ತು."

ಓಡಿಹೋಗುವ ಯೋಚನೆ ಬಂದದ್ದು ನಿಜ. ಆಕೆಯನ್ನಾದರೂ ಹೊರಗೆ ಕಳಿಸೋಣವೆಂದು, "ಅಕ್ಕಾ, ಮಾರಿಗುಡಿಗೆ ಹೋಗಿ ಬರ್ತೀರಾ?" ಎಂದೆ. ಆಕೆ ಕಾಗದ ಮಡಚುವುದನ್ನು ನಿಲ್ಲಿಸದೆ, "ನಾನು ಬರ್ದದ್ದು, ನಾನೇ ಇರ್ತೀನಿ" ಎಂದರು.

ಅತ್ತೆ ಚಪ್ಪಲಿ ಬಿಟ್ಟು ಸೀದಾ ಹಿಂದಿನ ಕೋಣೆಗೆ ಬಂದರು. ಬೆವರು ಒರೆಸಿಕೊಳ್ಳಲಿಲ್ಲ, ನೀರು ಕೇಳಲಿಲ್ಲ.

"ಇದನ್ನ ಬರ್ದದ್ದು ಯಾರು?"

ಆಕೆ ಎದ್ದು ನಿಂತರು. "ನಾನಮ್ಮ."

"ಕೂತ್ಕೋ. ನಿಂತ್ಕೊಂಡು ಮಾತಾಡೋದು ಬೇಡ" ಎಂದು ಅತ್ತೆ ತಾವೂ ಎದುರಿನ ಕುರ್ಚಿಯಲ್ಲಿ ಕೂತರು. "ನೀನು ಅವನ ಎರಡನೇ ಮಗಳಾ? ಹೊಸನಗರದ ಕಡೆ ಕೊಟ್ಟಿದ್ರಲ್ಲ, ಅವಳಾ?"

"ಯಾರ ಮಗಳು ಅಮ್ಮ?"

"ನಮ್ಮನೆ ಆಳಿದ್ನಲ್ಲ, ಅವನ ಮಗಳು."

"ಅಲ್ಲಮ್ಮ. ನಾನು ನಿಮ್ಮ ಊರೇ ನೋಡಿಲ್ಲ."

"ಸುಳ್ಳು ಹೇಳ್ಬೇಡ!" ಅತ್ತೆಯ ದನಿ ಏರಿತು. "ಸಕ್ಕರೆ ಸಾಕಾ ಅಂತ ಕೇಳ್ತಿದ್ದದ್ದು ನಾನು. ದಿನಾ ಕೇಳ್ತಿದ್ದೆ. ಅದನ್ನ ನಿಂಗೆ ಯಾರು ಹೇಳಿದ್ರು? ಮೂರು ಸಲ ಓದಿದೀನಿ. ಮೂರು ಸಲವೂ ಅದರಲ್ಲಿ ನಾನೇ ಇದೀನಿ."

"ಅತ್ತೆ, ತಪ್ಪು ನಂದು, ಅವ್ರದ್ದಲ್ಲ..." ಎಂದು ನಾನು ಶುರು ಮಾಡಿದೆ.

"ನೀನು ಬಾಯ್ಮುಚ್ಚು. ನಿನ್ನ ವಿಚಾರ ಆಮೇಲೆ ಇದೆ."

ಪುಸ್ತಕದ ಕಥೆ ಮುಗಿಯಿತು ಎಂದುಕೊಂಡೆ. ಆಕೆ ಮಡಿಲಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು, ನೆಲ ನೋಡದೆ ಅತ್ತೆಯ ಮುಖವನ್ನೇ ನೋಡುತ್ತಾ ಹೇಳಿದರು.

"ಅದು ನಮ್ಮನೆ ಅಮ್ಮ."

"ನಿಮ್ಮನೆ ಅಂದ್ರೆ? ನಿಮ್ಮಪ್ಪ ಕೆಲಸಕ್ಕೆ ಹೋಗ್ತಿದ್ದ ಮನೆಯಾ?"

"ಅಲ್ಲ. ನಾವೇ ಇದ್ದ ಮನೆ. ನಮ್ಮಪ್ಪ ಒಡೆಯರ ಮನೇಲಿ ಹಿಂಗೇ ಹೊರಗೆ ನಿಂತು ಕುಡ್ದವ್ನು. ಆಮೇಲೆ ಭೂಮಿ ನಮ್ದಾತು. ಮೂರನೇ ವರ್ಷ ಹೊಸ ಕೊಟ್ಟಿಗೆ ಕಟ್ಟಿಸ್ದ. ಕಟ್ಟಿಸ್ವಾಗ ಗೋಡೇಲಿ ಒಂದು ಗೂಡು ಬಿಡ್ಸಿದ. ನಮಗಿಂತ ಕೆಳಗಿನೋರು ಅಂತ ನಾವು ಅಂದ್ಕೊಂಡಿದ್ದೋರು ಕೆಲಸಕ್ಕೆ ಬರಕ್ಕೆ ಶುರು ಮಾಡಿದ್ರಲ್ಲ, ಅವ್ರಿಗೆ. ಸಕ್ಕರೆ ಸಾಕಾ ಅಂತ ಕೇಳ್ತಿದ್ದದ್ದು ನಮ್ಮಮ್ಮ. ಅವ್ಳಿಗೆ ಹುಷಾರಿಲ್ಲದ ದಿನ ಮೇಲಿಂದ ಕಾಫಿ ಹೊಯ್ದದ್ದು ನಾನು."

ಹೊರಗೆ ಯಾರೋ "ಜೆರಾಕ್ಸ್ ಇದೆಯಾ?" ಎಂದು ಕೂಗಿದರು, ನಾನು ಏಳಲಿಲ್ಲ. ಆಕೆಯ ಷರತ್ತು ಈಗ ನನಗೆ ಅರ್ಥವಾಯಿತು. ಬೇಜಾರಾಗಬಾರದು ಎಂದದ್ದು ಒಡೆಯರ ಹೆದರಿಕೆಯಿಂದಲ್ಲ. ಊರು ಬೊಟ್ಟು ಮಾಡಿದರೆ ಅದು ಆಕೆಯ ಅಮ್ಮನ ಕಡೆಗೇ ತಿರುಗುತ್ತಿತ್ತು. ಹಾಸ್ಟೆಲ್ಲಿನ ಆ ಅಕ್ಕಿ ಡಬ್ಬಿಯ ಮೇಲೆ ಆಕೆ ಆರು ವರ್ಷ ಬರೆದದ್ದು ಬೇರೆಯವರ ತಪ್ಪನ್ನಲ್ಲ. ನಾಲ್ಕು ಸಲ ಓದಿದ ನಾನು, ಆಕೆಯ ಮನೆತನ ಕೇಳಿದೊಡನೆ, ಕಥೆಯ ಲೋಟವನ್ನು ಆಕೆಯ ಅಪ್ಪನ ಕೈಗೆ ಕೊಟ್ಟು ಸುಮ್ಮನಾಗಿಬಿಟ್ಟಿದ್ದೆ.

ಅತ್ತೆ ಕೈಯಲ್ಲಿದ್ದ ಪುಸ್ತಕ ಮೇಜಿನ ಮೇಲಿಟ್ಟರು. ಆಮೇಲೆ ಅವರ ಹೊಟ್ಟೆ ಕುಲುಕಿತು. ನಗು! ನಾನು ಹೆದರಿಯೇಬಿಟ್ಟೆ.

"ಕುಂಬಳಕಾಯಿ ಕಳ್ಳ ಅಂದ್ರೆ ನಾನು ಹೆಗಲು ಮುಟ್ಟಿ ನೋಡ್ಕೊಂಡ ಹಂಗಾತಲ್ಲೇ!" ಎಂದರು. "ನಾಲ್ಕು ದಿನದಿಂದ ನಿದ್ದೆ ಇಲ್ಲ ನಂಗೆ. ಇವಳ್ಯಾರೋ ನಮ್ಮನೆಯೊಳಗೆ ಬಂದು ಕೂತು ನೋಡಿದ್ದಾಳೆ ಅಂತ."

ಉಸ್ಸಪ್ಪಾ! ಬದುಕಿದೆಯಾ ಬಡಜೀವವೇ ಎಂದು ನಾನು ಕಾಫಿ ಮಾಡಲು ಎದ್ದೆ. ನನ್ನ ಅಂಗಡಿಯಲ್ಲಿ ಇರುವುದು ಎರಡು ಸ್ಟೀಲ್ ಲೋಟ, ಹಿಡಿ ಮುರಿದ ಒಂದು ಕಪ್ಪು. ಯಾರಿಗೆ ಯಾವುದು ಕೊಡಲಿ ಎಂದು ಜನ್ಮದಲ್ಲಿ ಮೊದಲ ಸಲ ಒಂದು ನಿಮಿಷ ನಿಂತು ಯೋಚಿಸಿದೆ. ಮುರಿದ ಕಪ್ಪು ನಾನಿಟ್ಟುಕೊಂಡೆ.

ಕಾಫಿ ಕೈಯಲ್ಲಿ ಹಿಡಿದುಕೊಂಡು ಅತ್ತೆ ಕೇಳಿದರು, "ಅವನ ಮನೆಯೋರಿಗೆ ಹೇಳಿದ್ಯಾ? ನಿಮ್ಮನೆಗೆ ಬರ್ತಿದ್ನಲ್ಲ, ಅವನ ಮನೆಯೋರಿಗೆ?"

"ಮೊದ್ಲು ಅಲ್ಲಿಗೇ ಹೋದೆ ಅಮ್ಮ. ಅವ್ರ ಮಗನ ಮನೆ ಜಗಲಿ ಮೇಲೆ ಕೂತು ಪೂರ್ತಿ ಓದಿ ಹೇಳ್ದೆ. ಅವ್ರು ಹೂಂ ಅಂದ್ಮೇಲೇ ನೋಟ್‌ಬುಕ್ ಇಲ್ಲಿಗೆ ತಂದದ್ದು."

"ಎಂತ ಅಂದ ಮಗ?"

"ಎಲ್ಲಾ ಸರಿ ಬರ್ದಿದ್ದೀಯ ಅಕ್ಕ ಅಂದ. ಆದ್ರೆ ಸಕ್ಕರೆ ಯಾವತ್ತೂ ಸಾಕಾಗ್ತಿರ್ಲಿಲ್ವಂತೆ, ಅಪ್ಪ ಮನೆಗೆ ಬಂದು ಹೇಳ್ತಿದ್ನಂತೆ ಅಂದ."

ಅತ್ತೆ ಲೋಟ ಕೆಳಗಿಟ್ಟರು. ಆಗ ಅವರ ಕಣ್ಣು ಕಂದು ಕಾಗದದ ರಾಶಿಯ ಮೇಲೆ ಬಿತ್ತು. ಒಂದನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದೆಂತದು?"

"ಮುಚ್ತಿದ್ದೆ ಅತ್ತೆ. ನಿಮ್ಮ ಗೋಡೆ ಕಾಣಬಾರ್ದು ಅಂತ."

ಪರ್ರೆಂದು ಹರಿದರು. ಒಳಗಿನಿಂದ ಗೋಡೆ, ಗೂಡು, ಫಳಫಳ ಲೋಟ ಹೊರಗೆ ಬಂತು. "ನಾನು ಕೈಯ್ಯಾರೆ ತೊಳ್ದ ಲೋಟ, ಮುಚ್ಚಿಡ್ತೀಯಾ?" ಎಂದು ನನ್ನನ್ನು ಗದರಿಸಿದರು. ಅದರ ಮೇಲೆ ಬೆರಳಾಡಿಸುತ್ತಾ ಕೂತರು. ದನಿ ಇಳಿಯಿತು. "ಆ ಲೋಟ ನಾನು ಮುಟ್ಟಿದ್ದು ಅವತ್ತೇ ಮೊದ್ಲು ಕಣೆ. ಅವನಿದ್ದಾಗ ಒಂದಿನ ಮುಟ್ಲಿಲ್ಲ. ಫೋಟೋಕ್ಕೆ ಅಂತ ತೊಳ್ದೆ."

ಆಮೇಲೆ ಒಂದೇ ಮಾತು ಕೇಳಿದ್ದು: "ವಾಪಸು ಬಸ್ಸು ಎಷ್ಟೊತ್ತಿಗೆ?" ಊಟಕ್ಕೂ ನಿಲ್ಲಲಿಲ್ಲ. ಹೋಗುವಾಗ ಆಕೆಯ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು ಹೋದರು. ಆಕೆ ಬಾಗಿಲಿಗೆ ಬಂದು ಬಸ್ಸು ತಿರುಗುವವರೆಗೆ ನಿಂತು ನೋಡಿ, ಒಳಗೆ ಬಂದು ತಾವು ಬೈಂಡು ಹಾಕಿದ್ದ ಪುಸ್ತಕಗಳ ಹೊದಿಕೆ ತೆಗೆಯಲು ಶುರುಮಾಡಿದರು.

"ನಾಳೆ ಬಿಡುಗಡೆ ಇರ್ಲಿ ಮೇಡಂ. ಇವತ್ತು ಮನೆಗೆ ಹೋಗಿ ಅಮ್ಮಂಗೆ ಓದಿ ಹೇಳ್ತೀನಿ. ಇಷ್ಟು ದಿನ ಅವ್ಳಿಗೊಬ್ಳಿಗೇ ಹೇಳಿರ್ಲಿಲ್ಲ."

ಭಾನುವಾರ ಹಿಂದಿನ ಕೋಣೆ ತುಂಬಿ ಜನ ಅಂಗಳದಲ್ಲೂ ನಿಂತರು. ನಾವು ಹಾಲ್ ಹಿಡಿಯುವವರಲ್ಲ. ಅವಲಕ್ಕಿ, ಕಾಫಿ, ಎರಡು ಮಾತು, ಅಷ್ಟೇ ನಮ್ಮ ಬಿಡುಗಡೆ. ಆಕೆ ಅಮ್ಮನನ್ನು ಕೈಹಿಡಿದು ಕರೆತಂದಿದ್ದರು. ಸಣ್ಣ ಮೈಯ ಮುದುಕಿ, ಮೊದಲ ಕುರ್ಚಿಯಲ್ಲಿ ಕೂತು, ಮಗಳು ಕಥೆ ಓದುವಾಗ ಸೆರಗಿನ ತುದಿಯನ್ನು ಸುತ್ತುತ್ತಾ ಬಿಡಿಸುತ್ತಾ ಇದ್ದರು. ಮುಗಿದಮೇಲೆ ಪಕ್ಕದವರು, "ಚೆನಾಗಿ ಬರ್ದಿದ್ದಾಳೆ ಅಲ್ವಾ ಅಜ್ಜಿ?" ಎಂದರೆ, "ಸುಳ್ಳು ಬರ್ದಿಲ್ಲ" ಎಂದರು. ಮಗಳು ಅಲ್ಲೇ ಅತ್ತುಬಿಟ್ಟರು. ನಾನು ಅವಲಕ್ಕಿ ಬಡಿಸುವ ನೆಪದಲ್ಲಿ ಒಳಗೆ ಹೋಗಿ ನನ್ನ ಪಾಲಿನದ್ದು ಅತ್ತು ಬಂದೆ. ಸಂಜೆ ಜೋಗದ ಅಂಗಡಿಯವರೊಬ್ಬರು ಇಪ್ಪತ್ತು ಪ್ರತಿ ಹೊತ್ತುಕೊಂಡು ಹೋದರು, ಚಿಪ್ಸ್ ಪ್ಯಾಕೆಟ್ಟಿನ ಪಕ್ಕ ನೇತುಹಾಕುತ್ತಾರಂತೆ. ಹಾಕಲಿ.

ಬಿಡುಗಡೆಗೆ ಅತ್ತೆ ಬಂದಿರಲಿಲ್ಲ. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಅವರ ಫೋನು ಬಂತು.

"ಶನಿವಾರ ಬಸ್ಸಿಳಿದು ಮನೆಗೆ ಹೋಗ್ಲಿಲ್ಲ ಕಣೆ. ಸೀದಾ ಗದ್ದೆ ದಾಟಿ ಅವನ ಮಗಳ ಮನೆಗೆ ಹೋದೆ. ಇಷ್ಟು ವರ್ಷದಲ್ಲಿ ಹೋದದ್ದು ಅದೇ ಮೊದ್ಲು."

"ಎಂತ ಅಂದ್ಲು ಅತ್ತೆ?"

"ಎಂತ ಅಂತಾಳೆ, ಒಳಗೆ ಬನ್ನಿ ಅಂದ್ಲು. ಕೂರ್ಸಿದ್ಲು. ಕಾಫಿ ಕೊಟ್ಲು. ಸಕ್ಕರೆ ಸಾಕಾ ಅಂತ ಕೇಳ್ಲಿಲ್ಲ, ಡಬ್ಬಿನೇ ತಂದು ಮುಂದಿಟ್ಲು. ನಾನು ಅಲ್ಲಿ ಹೇಳಣ ಅಂತ ಎಷ್ಟೋ ಮಾತು ಕಟ್ಕೊಂಡು ಹೋಗಿದ್ದೆ. ಒಂದೂ ಬಾಯಿಗೆ ಬರ್ಲಿಲ್ಲ. ಕುಡ್ದಾದ್ಮೇಲೆ ಆ ಲೋಟನಾದ್ರೂ ತೊಳ್ದಿಡಣ ಅಂತ ಎದ್ದೆ. ನಲ್ಲಿ ಹತ್ರ ಹೋಗಿದ್ದೆ, ಬಂದು ಕೈಯಿಂದ ಕಿತ್ಕೊಂಡ್ಲು."

"ಯಾಕೆ?"

"'ಕೂತ್ಕೊಳಿ ಅಮ್ಮ. ಬಂದೋರ ಕೈಲಿ ಲೋಟ ತೊಳ್ಸೋ ಪದ್ಧತಿ ನಮ್ಮನೇಲಿಲ್ಲ' ಅಂದ್ಲು."

ಅರ್ಧ ತೆಗೆದ ಅಂಗಡಿ ಬಾಗಿಲಿಗೆ ಒರಗಿ ನಿಂತೆ.

"ಹಂಗಂದ್ಲು ಕಣೆ" ಎಂದು ಇನ್ನೊಂದು ಸಲ ಹೇಳಿ ಫೋನಿಟ್ಟರು.